ಸ್ಟಿಂಗ್‌ರೇ ಗೆದ್ದಿತು, ಬೊಂಗೋ ಯಾಕೆ ಗೆಲ್ಲಲಿಲ್ಲ? ಹೆಸರು ಮಾಡಿದ ಬೇಸ್ ಕಂಪನಿಯ ಹೊಸ ಡಿಸೈನ್ ಸಂಕಟ

ಅಮೆರಿಕದ ಮ್ಯೂಸಿಕ್ ಮ್ಯಾನ್ ಕಂಪನಿ 2018ರಿಂದ 2021ರ ಒಳಗೆ ಬಿಟ್ಟಿರೋ ಬೇಸ್ ಗಿಟಾರ್‌ಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ಈ ಕಂಪನಿಗೆ ಯಾವ ಕಡೆ ಹೋಗ್ಬೇಕು ಅಂತ ಗೊತ್ತಿದ್ಯಾ ಅನ್ನೋ ಡೌಟ್ ಬರತ್ತೆ. ಒಂದು 18 ವೋಲ್ಟ್ ಎಲೆಕ್ಟ್ರಾನಿಕ್ಸ್ ತುಂಬಿಸಿ ಭಾರ ಇಳಿಸಿರೋ ಸ್ಟಿಂಗ್‌ರೇ ಸ್ಪೆಷಲ್, ಇನ್ನೊಂದು ಆ ಎಲೆಕ್ಟ್ರಾನಿಕ್ಸ್ ಎಲ್ಲಾ ಕಿತ್ತಾಕಿ ಬರೀ ಒಂದು ವಾಲ್ಯೂಮ್ ನಾಬ್ ಉಳಿಸ್ಕೊಂಡಿರೋ ಜೋ ಡಾರ್ಟ್ ಬೇಸ್, ಮತ್ತೊಂದು ತಂತಿ ಗಿಡ್ಡ ಮಾಡಿರೋ 30 ಇಂಚಿನ ಶಾರ್ಟ್ ಸ್ಕೇಲ್, ಕೊನೇದು ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್‌ನ ಗಿಟಾರ್ ಒಳಗೇ ಕೂರಿಸಿರೋ ಡಾರ್ಕ್‌ರೇ. ನಾಲ್ಕೂ ನಾಲ್ಕು ದಿಕ್ಕು. ಆದ್ರೆ ದೂರ ನಿಂತು ನೋಡಿ, ತಂತಿ ಬಿಗಿಯೋ ಮೂರು ಕಿವಿ ಮೇಲೆ ಒಂದು ಕೆಳಗೆ ಇರೋ ಆ ಹೆಡ್‌ಸ್ಟಾಕು, ಅಂದ್ರೆ ಗಿಟಾರಿನ ತಲೆ, ದುಂಡಗಿನ ಬಾಡಿ, ಎಲ್ಲಾ 1976ರ ಮೊದಲ ಸ್ಟಿಂಗ್‌ರೇ ಬೇಸ್‌ನ ಮನೆತನದ್ದೇ. ಒಳಗಡೆ ಏನು ಬೇಕಾದ್ರೂ ಬದಲಾಯಿಸ್ತೀವಿ, ಮುಖ ಮಾತ್ರ ಮುಟ್ಟಲ್ಲ ಅನ್ನೋ ಥರ.

ಇದು ಸೋಮಾರಿತನ ಅಂತ ಅನ್ನೋರು ಇದಾರೆ. ನಂಗೆ ಹಾಗನ್ಸಲ್ಲ. ಈ ಕಂಪನಿ ಒಂದ್ಸಲ ಮುಖಾನೂ ಬದಲಾಯಿಸಿ ನೋಡಿದೆ, 2003ರಲ್ಲಿ, ಬೊಂಗೋ ಅಂತ. ಆಗ ಕಲಿತಿದ್ದನ್ನೇ ಈಗ ಪಾಲಿಸ್ತಿದಾರೆ. ನನ್ನ ಪ್ರಕಾರ ಬೇಸ್ ಪ್ರಪಂಚದಲ್ಲಿ ಹೊಸ ಡಿಸೈನ್ ನಿಲ್ಲೋದು ಅದು ಚೆನ್ನಾಗಿದೆ ಅನ್ನೋ ಕಾರಣಕ್ಕಲ್ಲ, ಹಳೇ ಬೇಸ್‌ನಲ್ಲಿ ನುಡಿಸೋಕಾಗದ ಸಂಗೀತ ಒಂದು ಆಗ್ಲೇ ಹುಟ್ಟಿರ್ಬೇಕು, ಅದು ಬಾಗಿಲು ತಟ್ತಾ ಇರ್ಬೇಕು. ಹಾಗಿದ್ದಾಗ ಡಿಸೈನ್ ಎಷ್ಟೇ ವಿಚಿತ್ರವಾಗಿದ್ರೂ ಜನ ತಗೋತಾರೆ.

ಬೇಸ್ ಅಂದ್ರೆ ಏನು ಅಂತ ಗೊತ್ತಿಲ್ದೇ ಇರೋರಿಗೆ ಒಂದ್ಮಾತು. ಇಳಯರಾಜ ಅವರ 80ರ ದಶಕದ ಕನ್ನಡ ಹಾಡು ಯಾವುದಾದ್ರೂ ಹಾಕಿ, ಹಾಡೋರ ದನಿ ಬಿಟ್ಟು ಕೆಳಗಡೆ ಕಿವಿ ಇಡಿ, ತಬಲ ಡ್ರಮ್ಸ್ ಪಕ್ಕದಲ್ಲಿ ಇನ್ನೊಂದು ಹಾಡು ತನ್ನ ಪಾಡಿಗೆ ನಡೀತಿರತ್ತಲ್ಲ, ಅದು ಬೇಸ್ ಗಿಟಾರು. ನಾಲ್ಕು ದಪ್ಪ ತಂತಿ, ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್. ಫೋನ್ ಸ್ಪೀಕರ್‌ನಲ್ಲಿ ಇದರಲ್ಲಿ ಅರ್ಧಕ್ಕರ್ಧ ಕೇಳಿಸೋದೇ ಇಲ್ಲ, ಅದಕ್ಕೇ ಪಾಪ ಇದನ್ನ ನುಡಿಸೋರಿಗೆ ಅಷ್ಟು ಹೆಸರಿಲ್ಲ.

ಈಗ ಹಿಂದಕ್ಕೆ ಹೋಗೋಣ. ಫ್ರೆಟ್, ಅಂದ್ರೆ ನೆಕ್ ಮೇಲೆ ಅಡ್ಡಕ್ಕೆ ಕೂರಿಸಿರೋ ಲೋಹದ ಪಟ್ಟಿ, ಇರೋ ಎಲೆಕ್ಟ್ರಿಕ್ ಬೇಸ್ ಮಾಡಿದ ಮೊದಲಿಗ ಲಿಯೋ ಫೆಂಡರ್ ಅಂತ ಎಲ್ರೂ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ ಅನ್ನೋರು 1930ರ ದಶಕದಲ್ಲೇ ಅಂಥದ್ದೊಂದು ಮಾಡಿ ಆಡಿಯೋವಾಕ್ಸ್ ಅನ್ನೋ ಹೆಸರಲ್ಲಿ ಮಾರೋಕೆ ನೋಡಿದ್ರು, ಮಲಗಿಸಿ ಹಿಡ್ಕೊಂಡು ನುಡಿಸೋ ಬೇಸು, ಫ್ರೆಟ್ಟು ಇದೆ, ತಂತಿಯ ಅಲುಗಾಟಾನ ಕರೆಂಟ್ ಸಿಗ್ನಲ್ ಮಾಡೋ ಪಿಕಪ್ಪೂ ಇದೆ, ಐಡಿಯಾ ಪೂರ್ತಿ ರೆಡಿ. ಹೆಚ್ಚು ಜನ ತಗೊಳ್ಳಲಿಲ್ಲ. ಅದೇ ಐಡಿಯಾ 1951ರ ಕೊನೇಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡ್ತಾ ಮೇಲೆ ಬಂದ ಲಿಯೋ ಫೆಂಡರ್ ಕೈಯಿಂದ ಪ್ರಿಸಿಷನ್ ಬೇಸ್ ಅಂತ ಬಂದಾಗ ಜಗತ್ತೇ ಬದಲಾಯ್ತು. ಹದಿನೈದು ವರ್ಷದಲ್ಲಿ ಏನು ಬದಲಾಗಿತ್ತು? ಎಲೆಕ್ಟ್ರಿಕ್ ಗಿಟಾರ್‌ಗಳು ಜೋರಾಗಿದ್ವು, ಆಳೆತ್ತರದ ಡಬಲ್ ಬೇಸ್ ಆ ಗಲಾಟೆಯಲ್ಲಿ ಕೇಳಿಸ್ತಿರಲಿಲ್ಲ, ಅದನ್ನ ಕಾರ್ ಮೇಲೆ ಕಟ್ಕೊಂಡು ಊರೂರು ಸುತ್ತೋದು ಸಣ್ಣ ಬ್ಯಾಂಡ್‌ಗಳಿಗೆ ಸಾಕಾಗಿತ್ತು. ಕೇಳೋರು ಇದ್ರು, ಅಷ್ಟೇ ವ್ಯತ್ಯಾಸ. ಲಿಯೋಗೆ ಗಿಟಾರ್ ನುಡಿಸೋಕೆ ಬರ್ತಾನೇ ಇರಲಿಲ್ಲ ಅನ್ನೋದು ಇಲ್ಲಿ ತಮಾಷೆ ಅನ್ಸಿದ್ರೂ ನಂಗೆ ಅದೇ ಮುಖ್ಯ ಅನ್ಸತ್ತೆ, ನುಡಿಸೋಕೆ ಬರದವನು ನುಡಿಸೋರು ಏನ್ ಗೋಳು ಹೇಳ್ಕೋತಾರೆ ಅಂತ ಕೇಳಿಸ್ಕೊಳ್ಳಲೇಬೇಕು.

ಆವಾಗ ಅವರು ಇಟ್ಟ 34 ಇಂಚಿನ ಸ್ಕೇಲು, ಅಂದ್ರೆ ತಲೆ ಹತ್ರದ ನಟ್‌ನಿಂದ ಬಾಡಿ ಮೇಲಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ, ಇವತ್ತಿಗೂ ಬೇಸ್ ಪ್ರಪಂಚದ ಸ್ಟ್ಯಾಂಡರ್ಡ್. ಎಪ್ಪತ್ತು ವರ್ಷದ ಮೇಲಾಯ್ತು.

1965ರಲ್ಲಿ ಲಿಯೋ ಫೆಂಡರ್ ಕಂಪನೀನ ಸಿಬಿಎಸ್‌ಗೆ 1.3 ಕೋಟಿ ಡಾಲರ್‌ಗೆ ಮಾರಿದ್ರು, ಹತ್ತು ವರ್ಷ ಪೈಪೋಟಿಗೆ ಇಳಿಯಲ್ಲ ಅನ್ನೋ ಕರಾರೂ ಇತ್ತು. ಆ ಕರಾರು ಮುಗಿಯೋ ಹೊತ್ತಿಗೆ ಅವರ ಹಳೇ ಸಹೋದ್ಯೋಗಿಗಳಾದ ಫಾರೆಸ್ಟ್ ವೈಟ್ ಮತ್ತು ಟಾಮ್ ವಾಕರ್ ಕಟ್ಟಿದ್ದ ಮ್ಯೂಸಿಕ್ ಮ್ಯಾನ್‌ಗೆ ಲಿಯೋ ಅಧ್ಯಕ್ಷರಾಗಿ ಬಂದ್ರು, 1976ರಲ್ಲಿ ಸ್ಟಿಂಗ್‌ರೇ ಬಂತು. ಗಮನಿಸಿ, ಆಗ ಲಿಯೋ ಅಂದ್ರೆ ಪ್ರಿಸಿಷನ್ ಮತ್ತು ಜಾಝ್ ಬೇಸ್ ಮಾಡಿದ ದೊಡ್ಡ ಮನುಷ್ಯ, ಅದನ್ನೇ ಇನ್ನೊಂದ್ಸಲ ಮಾಡಿ ಮಾರಿದ್ರೂ ಜನ ತಗೋತಿದ್ರು. ಅವರು ಮಾಡಿದ್ದು ಬೇರೇನೇ. ಬ್ರಿಡ್ಜ್ ಹತ್ರ ಒಂದೇ ಒಂದು ದೊಡ್ಡ ಹಂಬಕರ್, ಅಂದ್ರೆ ಎರಡು ಸುರುಳಿಯ ಪಿಕಪ್, ಅದರ ಜೊತೆ 9 ವೋಲ್ಟ್ ಬ್ಯಾಟರಿಯಿಂದ ಓಡೋ ಪ್ರಿಆಂಪ್, ಅಂದ್ರೆ ಸಿಗ್ನಲ್ ಹೆಚ್ಚಿಸೋ ಸರ್ಕ್ಯೂಟ್, ಗಿಟಾರ್ ಒಳಗೇ. ಮೊದ್ಲೆಲ್ಲಾ ಬೇಸ್‌ನಲ್ಲಿ ಟೋನ್ ನಾಬ್ ತಿರುಗಿಸಿದ್ರೆ ಟ್ರೆಬಲ್, ಅಂದ್ರೆ ಮೇಲಿನ ಚೂಪು ಸದ್ದು, ಕಮ್ಮಿ ಆಗ್ತಿತ್ತು ಅಷ್ಟೆ, ಇದರಲ್ಲಿ ಕೆಳಗಿನ ದಪ್ಪ ಸದ್ದೂ ಟ್ರೆಬಲ್ಲೂ ಜಾಸ್ತಿ ಮಾಡ್ಕೋಬಹುದು. ಸದ್ದು ಚುರುಕು, ಬೆಣ್ಣೆ ಮೆತ್ತಗಿಲ್ಲ, ಉಗುರು ತಾಗಿದ್ರೂ ಕೇಳತ್ತೆ.

ಫಂಕ್ ಡಿಸ್ಕೋ ಕಾಲ ಅದು. ಹೆಬ್ಬೆರಳಲ್ಲಿ ತಂತಿಗೆ ಹೊಡೆದು ತೋರುಬೆರಳಲ್ಲಿ ಎಳೆದು ಬಿಡೋ ಸ್ಲ್ಯಾಪ್ ಶೈಲಿ ಲ್ಯಾರಿ ಗ್ರಹಾಂ ಕಾಲದಿಂದ ಬೆಳೀತಾ ಇತ್ತು, ಆ ಹೊಡೆತ ರೆಕಾರ್ಡ್‌ನಲ್ಲಿ ಎದ್ದು ಕಾಣೋ ಹಾಗೆ ಮಾಡೋ ಬೇಸ್ ಬೇಕಾಗಿತ್ತು. ಬ್ರದರ್ಸ್ ಜಾನ್ಸನ್‌ನ ಲೂಯಿಸ್ ಜಾನ್ಸನ್, ಶೀಕ್ ಬ್ಯಾಂಡಿನ ಬರ್ನಾರ್ಡ್ ಎಡ್ವರ್ಡ್ಸ್ ಅದನ್ನ ಕೈಗೆತ್ಕೊಂಡ್ರು, ಆಮೇಲೆ ಫ್ರೆಟ್‌ಲೆಸ್ ಸ್ಟಿಂಗ್‌ರೇ ಹಿಡ್ದು ಪಿನೋ ಪಲಡೀನೋ, ಅದರ ಮುಂದೆ ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ. ಇಲ್ಲಿ ಒಂದು ಪಕ್ಕಾ ಪುರಾವೆ ಇದೆ ನೋಡಿ: ಅದೇ 1976ರಲ್ಲಿ ಅದೇ ಹೆಸರಲ್ಲಿ ಅದೇ ಥರದ ಪ್ರಿಆಂಪ್ ಹಾಕಿ ಸ್ಟಿಂಗ್‌ರೇ ಗಿಟಾರೂ ಬಂತು, ಬೇಸ್ ಅಲ್ಲ, ಮಾಮೂಲಿ ಆರು ತಂತಿ ಗಿಟಾರು. ಅದು ಬಿತ್ತು. ಅದೇ ಮನುಷ್ಯ, ಅದೇ ಕಂಪನಿ, ಅದೇ ಐಡಿಯಾ. ಗಿಟಾರ್ ನುಡಿಸೋರಿಗೆ ಆಗ ಬೇಕಾಗಿದ್ದು ಒರಟು ಸದ್ದು, ಇಷ್ಟು ಕ್ಲೀನ್ ಸದ್ದು ಅವರಿಗೆ ಬೇಕಾಗಿರಲಿಲ್ಲ.

ದುಡ್ಡಿನ ತಾಪತ್ರಯ, ಒಳಜಗಳ ಎಲ್ಲಾ ಆಗಿ ಲಿಯೋ ಹೊರಗೆ ಹೋಗಿ ಜಿ ಆಂಡ್ ಎಲ್ ಕಟ್ಟಿದ್ರು, 1984ರಲ್ಲಿ ಗಿಟಾರ್ ತಂತಿ ಮಾರೋ ಎರ್ನಿ ಬಾಲ್ ಕಂಪನಿ ಮ್ಯೂಸಿಕ್ ಮ್ಯಾನ್‌ನ ಕೊಂಡ್ಕೊಳ್ತು. 1987ರಲ್ಲಿ ಸ್ಟಿಂಗ್‌ರೇ 5 ಬಂತು, ಐದನೇ ತಂತಿ ಲೋ ಬಿ, ಸುಮಾರು 31 ಹರ್ಟ್ಜ್. ಐದು ಆರು ತಂತಿ ಬೇಸ್ ಇವರ ಕಂಡುಹಿಡಿತ ಏನಲ್ಲ, ಬೇಸಿಸ್ಟ್ ಆಂಥನಿ ಜಾಕ್ಸನ್‌ಗೋಸ್ಕರ ಕಾರ್ಲ್ ಥಾಂಪ್ಸನ್ 1975ರಲ್ಲೇ ಆರು ತಂತಿದು ಮಾಡಿಕೊಟ್ಟಿದ್ರು. ಆದ್ರೆ ಎಂಬತ್ತರ ದಶಕದಲ್ಲಿ ಸಿಂಥಸೈಸರ್ ಕೀಬೋರ್ಡಿನ ಸಿಂಥ್ ಬೇಸ್ ಬಂದು ಇ ತಂತಿಗಿಂತ ಕೆಳಗಿನ ಸ್ವರಗಳನ್ನ ಪಾಪ್ ಹಾಡಲ್ಲೆಲ್ಲಾ ತುಂಬಿಸಿಬಿಡ್ತು, ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸೋ ಸೆಷನ್ ಬೇಸಿಸ್ಟ್‌ಗಳಿಗೆ ಕೆಲಸ ಉಳಿಬೇಕು ಅಂದ್ರೆ ಆ ಸ್ವರ ತಮ್ಮ ಕೈಲೂ ಇರ್ಬೇಕಿತ್ತು. ಮತ್ತೆ ಅದೇ ಕಥೆ, ಬೇಕು ಅನ್ನೋರು ಮೊದ್ಲು, ಡಿಸೈನ್ ಆಮೇಲೆ.

ಈಗ ಬೊಂಗೋ. ಎರ್ನಿ ಬಾಲ್‌ನವರು ಇದಕ್ಕೆ ಹೋಗಿದ್ದು ಬಿಎಂಡಬ್ಲ್ಯು ಕಾರ್ ಕಂಪನಿಯ ಡಿಸೈನ್‌ವರ್ಕ್ಸ್ ಸ್ಟುಡಿಯೋ ಹತ್ರ. 24 ಫ್ರೆಟ್, ಬಾಸ್‌ವುಡ್ ಮರದ ಬಾಡಿ, ನಿಯೋಡಿಮಿಯಂ ಮ್ಯಾಗ್ನೆಟ್ ಪಿಕಪ್, ಸದ್ದನ್ನ ನಾಲ್ಕು ಭಾಗ ಮಾಡಿ ಹೆಚ್ಚುಕಮ್ಮಿ ಮಾಡೋ ನಾಲ್ಕು ಬ್ಯಾಂಡ್ ಈಕ್ಯೂ, ಎರಡು ಬ್ಯಾಟರಿ ಸೇರಿ 18 ವೋಲ್ಟ್. 18 ವೋಲ್ಟ್ ಅಂದ್ರೆ ಸದ್ದು ಡಬಲ್ ಆಗತ್ತೆ ಅಂತಲ್ಲ, ಜೋರಾಗಿ ಬಾರಿಸಿದಾಗ ಪ್ರಿಆಂಪ್ ಒದ್ದಾಡಿ ಸದ್ದು ಒಡೆಯಲ್ಲ, ಹೆಚ್ಚು ಜಾಗ ಸಿಗತ್ತೆ ಅಂತ. ಮೇಲಿನ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗೋ ಹಾಗೆ ಬಾಡಿ ಕತ್ತರಿಸಿದ್ರು. ಕಾಗದದ ಮೇಲೆ ಇಟ್ಟು ಹೋಲಿಸಿದ್ರೆ ಸ್ಟಿಂಗ್‌ರೇಗಿಂತ ಇದು ಎಲ್ಲದ್ರಲ್ಲೂ ಒಂದು ಕೈ ಮೇಲೆ. ಬಂದಿದ್ದೇ ತಡ, ನೋಡಿದವರು ಇಟ್ಟ ಹೆಸರು ಟಾಯ್ಲೆಟ್ ಸೀಟ್. ಆ ಹೆಸರು ಹೋಗಲೇ ಇಲ್ಲ.

ರೂಪ ಚೆನ್ನಾಗಿರಲಿಲ್ಲ ಅದಕ್ಕೇ ಬಿತ್ತು ಅಂತ ಹೇಳಿ ಮುಗಿಸೋದು ಸುಲಭ, ನಾನು ಅಷ್ಟಕ್ಕೆ ಒಪ್ಪಲ್ಲ. ಒಂದನೇದು, ಪೂರ್ತಿ ಬೀಳಲಿಲ್ಲ. ಡ್ರೀಮ್ ಥಿಯೇಟರ್‌ನ ಜಾನ್ ಮ್ಯುಂಗ್ ಹೆಸರಲ್ಲೇ ಆರು ತಂತಿ ಬೊಂಗೋ ಬಂತು, ಡೇವ್ ಲರೂ ಅನ್ನೋ ಬೇಸಿಸ್ಟೂ ನುಡಿಸ್ತಾರೆ, ಇಪ್ಪತ್ತು ವರ್ಷ ಕಂಪನಿ ಅದನ್ನ ಮಾಡ್ತಾನೇ ಇತ್ತು. ಅದನ್ನ ಇಟ್ಕೊಂಡಿರೋರು ಬೇರೇದನ್ನ ಮುಟ್ಟಲ್ಲ ಅನ್ನೋಷ್ಟು ಹಠದವರು. ಎರಡನೇದು, ರೂಪ ವಿಚಿತ್ರವಾಗಿದ್ದೂ ಗೆದ್ದ ಬೇಸ್‌ಗಳು ಬೇಕಾದಷ್ಟಿವೆ. ನೆಡ್ ಸ್ಟೈನ್‌ಬರ್ಗರ್ ಮೂಲತಃ ಫರ್ನಿಚರ್ ಡಿಸೈನರ್, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಟುವರ್ಟ್ ಸ್ಪೆಕ್ಟರ್ ಜೊತೆ ಒಂದೇ ಕಡೆ ಕೆಲಸ ಮಾಡ್ತಿದ್ದಾಗ ಬೇಸ್ ಕಡೆ ತಿರುಗಿದ್ರು, ಎಂಬತ್ತರ ದಶಕದ ಶುರುವಿನಲ್ಲಿ ಅವರು ತಂದ ಎಲ್2 ಬೇಸ್‌ಗೆ ತಲೆಯೂ ಇಲ್ಲ, ಬಾಡಿನೂ ಇಲ್ಲದಷ್ಟು ಸಣ್ಣದು, ಮರದ ಬದ್ಲು ಗ್ರಾಫೈಟ್. ದೋಣಿ ಹುಟ್ಟಿನ ಥರ ಕಾಣೋ ಈ ವಸ್ತುವನ್ನ ಗೆಡ್ಡಿ ಲೀ, ಸ್ಟಿಂಗ್, ಟೋನಿ ಲೆವಿನ್ ಥರದ ಹೆಸರಾಂತ ಬೇಸಿಸ್ಟ್‌ಗಳು ಹಿಡ್ಕೊಂಡು ಸ್ಟೇಜ್ ಮೇಲೆ ಬಂದ್ರು. ಯಾಕೆ? ಆವತ್ತಿನ ನ್ಯೂವೇವ್ ಸಂಗೀತಕ್ಕೆ ಬೇಕಾಗಿದ್ದು ಮೆಷಿನ್ ಥರ ಒಂದೇ ಸಮ ಇರೋ ಸ್ವರ. ಮರದ ನೆಕ್‌ನಲ್ಲಿ ಅಲ್ಲಲ್ಲಿ ಸತ್ತ ಸ್ವರಗಳು, ಅಂದ್ರೆ ಬಾರಿಸಿದ ತಕ್ಷಣ ಆರಿಹೋಗೋ ಸ್ವರಗಳು ಇರ್ತವೆ, ಸಾಮಾನ್ಯವಾಗಿ ಜಿ ತಂತಿ ಐದು ಆರನೇ ಫ್ರೆಟ್ ಸುತ್ತಮುತ್ತ, ಗಟ್ಟಿ ಗ್ರಾಫೈಟ್‌ನಲ್ಲಿ ಆ ಕಾಟ ಇಲ್ಲ. ಆ ಸಂಗೀತದ ಭರಾಟೆ ಇಳಿದ ಮೇಲೆ ಆ ರೂಪವೂ ಅಂಗಡಿಗಳಿಂದ ಹೆಚ್ಚುಕಮ್ಮಿ ಮಾಯ ಆಯ್ತು ಅನ್ನೋದನ್ನೂ ನೋಡ್ಬೇಕು.

ಇನ್ನೊಂದು, ಕೆನಡಾದ ಸಸ್ಕಟೂನ್‌ನ ಶೆಲ್ಡನ್ ಡಿಂಗ್‌ವಾಲ್ ಮಾಡೋ ಬೇಸ್‌ಗಳು. ಫ್ರೆಟ್‌ಗಳು ಬೀಸಣಿಗೆ ಬಿಚ್ಚಿದ ಹಾಗೆ ಓರೆಯಾಗಿ ಇರ್ತವೆ, ಮೊದಲ ಸಲ ನೋಡಿದವರಿಗೆ ಯಾರೋ ಕುಡಿದು ಫ್ರೆಟ್ ಹೊಡೆದಿದಾರೆ ಅನ್ಸತ್ತೆ. ಓರೆ ಫ್ರೆಟ್ ಹೊಸದೂ ಅಲ್ಲ, 16ನೇ ಶತಮಾನದ ಇಂಗ್ಲೆಂಡಿನ ಆರ್ಫೇರಿಯನ್ ಅನ್ನೋ ವಾದ್ಯದಲ್ಲೇ ಇತ್ತು, ನಮ್ಮ ಕಾಲಕ್ಕೆ ಅದನ್ನ ಪೇಟೆಂಟ್ ಮಾಡಿಸಿದ್ದು ಅಮೆರಿಕದ ರಾಲ್ಫ್ ನೊವಾಕ್, 1980ರ ದಶಕದ ಕೊನೇಲಿ. ಲೆಕ್ಕ ಸರಳ. ದಪ್ಪ ತಂತಿಗೆ ಉದ್ದ ಜಾಸ್ತಿ ಬೇಕು, ಪಿಯಾನೋ ಒಳಗೆ ಇಣುಕಿ ನೋಡಿದ್ರೆ ಗೊತ್ತಾಗತ್ತೆ. ಒಂದೇ ತಂತೀನ ಒಂದೇ ಸ್ವರಕ್ಕೆ ಏರಿಸಿದ್ರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ಹಾಗಾಗಿ 34 ಇಂಚಿಂದ 37 ಇಂಚಿಗೆ ಹೋದ್ರೆ ಬಿಗಿತ ಶೇಕಡ 18ರಷ್ಟು ಜಾಸ್ತಿ. ಡಿಂಗ್‌ವಾಲ್ ಐದು ತಂತಿ ಬೇಸ್‌ನಲ್ಲಿ ಲೋ ಬಿ 37 ಇಂಚು, ಅದೇ ಬೇಸ್‌ನಲ್ಲಿ ಜಿ 34 ಇಂಚು. ಲೋ ಬಿ ಜೋಲಾಡಲ್ಲ, ಜಿ ತಂತಿ ಕಬ್ಬಿಣದ ಸರಳಾಗಲ್ಲ.

ತುಂಬ ವರ್ಷ ಇದು ಬಲ್ಲವರಿಗಷ್ಟೇ ಗೊತ್ತಿರೋ ವಿಷ್ಯ ಆಗಿತ್ತು. ಆಮೇಲೆ 2010ರ ದಶಕದಲ್ಲಿ ಪೆರಿಫೆರಿ ಥರದ ಮೆಟಲ್ ಬ್ಯಾಂಡ್‌ಗಳು ಗಿಟಾರ್ ಟ್ಯೂನಿಂಗ್‌ನ ಕೆಳಗೆ ಕೆಳಗೆ ಇಳಿಸ್ತಾ ಹೋದ್ವು, ಬೇಸ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಹೋಗ್ಬೇಕು, 34 ಇಂಚಿನ ಬೇಸ್‌ನಲ್ಲಿ ಆ ತಂತಿ ಬಟ್ಟೆ ಒಣಗಿಸೋ ಹಗ್ಗ ಆಗ್ತಿತ್ತು. ಪೆರಿಫೆರಿಯ ಆಡಮ್ ನಾಲಿ ಗೆಟ್‌ಗುಡ್ ಜೊತೆ ಸೇರಿ ಡಿಂಗ್‌ವಾಲ್ ಎನ್‌ಜಿ ಸರಣಿ ತಂದ ಮೇಲೆ, ಬೆಂಗಳೂರಿನ ಹುಡುಗರೂ ಸೇರಿ ಈ ಥರ ಮೆಟಲ್ ಕೇಳೋ ಎಲ್ಲರಿಗೂ ಆ ಓರೆ ಫ್ರೆಟ್ಟೇ ಚಂದ ಕಾಣೋಕೆ ಶುರು ಆಯ್ತು. ಬೇಕು ಅನ್ಸಿದ ಮೇಲೆ ಕಣ್ಣು ತಾನಾಗೇ ಒಗ್ಗಿಕೊಳ್ಳತ್ತೆ.

ಬೊಂಗೋಗೆ ಸಿಗದೇ ಹೋಗಿದ್ದು ಇದೇ. 2003ರಲ್ಲಿ ಸ್ಟಿಂಗ್‌ರೇ ಕೈಲಿ ಆಗಲ್ಲ, ಬೊಂಗೋನೇ ಬೇಕು ಅನ್ನೋ ಸಂಗೀತ ಯಾವುದಿತ್ತು? ಯಾವುದೂ ಇರಲಿಲ್ಲ. ಇದ್ದ ಕೆಲಸಾನೇ ಇನ್ನೂ ಚೆನ್ನಾಗಿ ಮಾಡ್ತೀನಿ ಅಂತ ಬಂದ ಬೇಸ್ ಅದು, ಅಷ್ಟಕ್ಕೆ ಜನ ತಮ್ಮ ಅಭ್ಯಾಸ ಬಿಡಲ್ಲ. ಬುಲೆಟ್ ಬೈಕಿನ ಗೇರ್ ಬಲಗಾಲಿಂದ ಎಡಗಾಲಿಗೆ ಬಂದಾಗ ಹಳಬರು ಎಷ್ಟು ಬೈದ್ರು ನೆನಪಿದ್ಯಾ, ಎಂಜಿನ್ ಹಳೇದಕ್ಕಿಂತ ಒಳ್ಳೇದಾಗಿತ್ತು ಅನ್ನೋದು ಆ ಜಗಳದಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಆದ್ರೆ ಕಥೆಯಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಮುಂದಿನದ್ದು. 2018ರ ಸ್ಟಿಂಗ್‌ರೇ ಸ್ಪೆಷಲ್ ಬಿಚ್ಚಿ ನೋಡಿದ್ರೆ ಒಳಗಡೆ ಏನಿದೆ? ನಿಯೋಡಿಮಿಯಂ ಪಿಕಪ್ಪು, 18 ವೋಲ್ಟ್ ಪ್ರಿಆಂಪು. ಅಂದ್ರೆ ಬೊಂಗೋದಲ್ಲಿ ಹದಿನೈದು ವರ್ಷ ಮೊದ್ಲೇ ಇದ್ದ ಸರಕು, ಈಗ ಸ್ಟಿಂಗ್‌ರೇ ಅಂಗಿ ತೊಟ್ಕೊಂಡು ಬಂದಿದೆ. ಯಾರೂ ಟಾಯ್ಲೆಟ್ ಸೀಟ್ ಅನ್ನಲಿಲ್ಲ, ಎಲ್ರೂ ಹೊಗಳಿದ್ರು. ರೂಪವಾಗಿ ಸೋತ ಡಿಸೈನು ಒಳಗಿನ ಹೂರಣವಾಗಿ ಗೆದ್ದಿದೆ. ಬೊಂಗೋನ ವೈಫಲ್ಯ ಅಂತ ಬರೆಯೋರು ಇದನ್ನ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ.

ಕಂಪನಿಗಳು ಹಳೇ ರೂಪಕ್ಕೆ ಅಂಟಿಕೊಳ್ಳೋಕೆ ಕಾನೂನಿನ ಕಡೆಯಿಂದಲೂ ಒಂದು ಕಾರಣ ಇದೆ. ಫೆಂಡರ್‌ನವರು ತಮ್ಮ ಸ್ಟ್ರಾಟ್, ಟೆಲಿ ಗಿಟಾರ್ ಮತ್ತು ಪ್ರಿಸಿಷನ್ ಬೇಸ್ ಬಾಡಿ ಆಕಾರಗಳಿಗೆ ಟ್ರೇಡ್‌ಮಾರ್ಕ್ ಬೇಕು ಅಂತ ಅಮೆರಿಕದಲ್ಲಿ ಅರ್ಜಿ ಹಾಕಿದ್ರು, ಸ್ಪೆಕ್ಟರ್ ಕಂಪನಿ ಮತ್ತು ಇನ್ನಷ್ಟು ತಯಾರಕರು ಸೇರಿ ವಿರೋಧ ಮಾಡಿದ್ರು, 2009ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಕೊಡಲ್ಲ ಅಂದುಬಿಡ್ತು, ದಶಕಗಳಿಂದ ಎಲ್ರೂ ಮಾಡ್ತಿದಾರೆ, ಇದು ಈಗ ಯಾರೊಬ್ಬರದ್ದೂ ಅಲ್ಲ ಅಂತ. ಹೆಡ್‌ಸ್ಟಾಕ್ ಆಕಾರ ಮಾತ್ರ ಅವರದ್ದೇ. ಇದರ ಪರಿಣಾಮ ಎರಡು ಕಡೆ ಕತ್ತರಿಸತ್ತೆ. ಅಮೆರಿಕದಲ್ಲಿ ಫೆಂಡರ್ ಬಾಡಿ ಯಾರು ಬೇಕಾದ್ರೂ ಮಾಡ್ಬಹುದು, ಜನಕ್ಕೆ ಪರಿಚಯದ ರೂಪ, ರಿಸ್ಕ್ ಇಲ್ಲ, ನ್ಯೂಯಾರ್ಕಿನ ರೋಜರ್ ಸಡೌಸ್ಕಿಯಂಥ ದೊಡ್ಡ ಹೆಸರಿನ ಕುಶಲಿಗರೇ ಜಾಝ್ ಬೇಸ್ ರೂಪ ಇಟ್ಕೊಂಡು ಒಳಗಡೆ ಪ್ರಿಆಂಪು, ಫಿನಿಶಿಂಗು, ತೂಕ ಇವುಗಳಲ್ಲಿ ತಮ್ಮ ಕೈಚಳಕ ತೋರಿಸಿ ಹೆಸರು ಮಾಡಿದ್ರು. ಇನ್ನೊಂದು ಕಡೆ, ನೋಡಿದ ತಕ್ಷಣ ಇದು ಇಂಥವರದ್ದು ಅಂತ ಗುರುತು ಸಿಗೋ ರೂಪ ಇರೋ ಕಂಪನಿಗಳು ಬೆರಳೆಣಿಕೆ, ಮ್ಯೂಸಿಕ್ ಮ್ಯಾನ್ ಅದರಲ್ಲಿ ಒಂದು. ಅಂಥ ಗುರುತನ್ನ ಕೈಯಾರೆ ಬಿಟ್ಕೊಡ್ತಾರಾ?

ಮರದ ವಿಷ್ಯದಲ್ಲಿ ಮಾತ್ರ ಬದಲಾವಣೆ ಯಾರ ಇಷ್ಟಾನೂ ಕೇಳ್ಕೊಂಡು ಬರಲಿಲ್ಲ, ಮತ್ತೆ ಇಲ್ಲಿ ನಮ್ಮೂರಿನ ಸಂಬಂಧಾನೂ ಇದೆ. ಗಿಟಾರ್ ಬೇಸ್‌ಗಳಲ್ಲಿ ಬೆರಳು ಒತ್ತೋ ಫಿಂಗರ್‌ಬೋರ್ಡ್‌ಗೆ ಬಳಸೋ ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಮಲೆನಾಡು, ಕೊಡಗಿನ ಬೀಟೆ ಮರ, ಮೈಸೂರಿನ ಕೆತ್ತಿ ಕೂರಿಸೋ ಕುಸುರಿ ಕೆಲಸಕ್ಕೆ ಬಳಸೋದೂ ಇದನ್ನೇ. ಬೀಟೆ ಜಾತಿಯ ಹೆಚ್ಚುಕಮ್ಮಿ ಎಲ್ಲಾ ಮರಗಳನ್ನೂ ಅಳಿವಿನಂಚಿನ ಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ದು 2017ರ ಜನವರಿಯಿಂದ ಜಾರಿಗೆ ಬಂತು, ರಾತ್ರೋರಾತ್ರಿ ಒಂದು ಸಾದಾ ಬೇಸ್ ಮಾರಾಟಕ್ಕೆ ಗಡಿ ದಾಟ್ಬೇಕು ಅಂದ್ರೂ ಕಾಗದಪತ್ರ. ಚೀನಾದಲ್ಲಿ ಪೀಠೋಪಕರಣಕ್ಕೆ ಎಗ್ಗಿಲ್ಲದೆ ರೋಸ್‌ವುಡ್ ಹೋಗ್ತಿದ್ದದ್ದು ಮುಖ್ಯ ಕಾರಣ, ಏಟು ಬಿದ್ದಿದ್ದು ವಾದ್ಯದೋರಿಗೂ. ಫೆಂಡರ್ ಮೆಕ್ಸಿಕೋದಲ್ಲಿ ಮಾಡೋ ಗಿಟಾರ್‌ಗಳಿಗೆ ಪಾವ್ ಫೆರೋ ಅನ್ನೋ ಬೇರೆ ಮರ ಹಾಕೋಕೆ ಶುರು ಮಾಡ್ತು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ತು, ಅಷ್ಟರಲ್ಲಿ ಹುರಿದ ಮೇಪಲ್ ಥರದ ಪರ್ಯಾಯಗಳನ್ನ ಜನ ನುಡಿಸಿ ನೋಡಿ ಒಪ್ಪಿಯಾಗಿತ್ತು. ಹುರಿದ ಮೇಪಲ್ ಅಂದ್ರೆ ಒಲೆಯಲ್ಲಿ ಆಮ್ಲಜನಕ ಇಲ್ದೆ ಕಾಯಿಸಿ ತೇವ ತೆಗೆದ ಮೇಪಲ್, ಬಣ್ಣ ಕ್ಯಾರಮೆಲ್ ಥರ, ನೆಕ್ ಅಷ್ಟು ಸುಲಭವಾಗಿ ಬಾಗಲ್ಲ, ಮಂಗಳೂರಿನಂಥ ಸೆಕೆ ಊರಲ್ಲಿ ಇರೋರಿಗೆ ಇದು ಎಷ್ಟು ದೊಡ್ಡ ವರ ಅಂತ ಕೇಳಿ ನೋಡಿ. 2020ರಲ್ಲಿ ಫೆಂಡರ್ ಆಶ್ ಮರವನ್ನೂ ಹೆಚ್ಚಿನ ಮಾಡೆಲ್‌ಗಳಿಂದ ಬಿಡ್ತೀವಿ ಅಂತು, ಅಮೆರಿಕದಲ್ಲಿ ಒಂದು ಹಸಿರು ಕೊರೆಹುಳ ಕಾಡಿನ ಆಶ್ ಮರಗಳನ್ನೆಲ್ಲಾ ತಿಂದು ಹಾಕ್ತಿತ್ತು. 1976ರ ಸ್ಟಿಂಗ್‌ರೇ ಬಾಡಿನೂ ಆಶ್‌ದೇ. ರೂಪ ಒಂದಿಂಚು ಕದಲಿಸಿದ್ರೆ ಜಗಳ ಆಡೋ ಜನ ಮರಾನೇ ಬದಲಾದಾಗ ಎರಡು ವರ್ಷದಲ್ಲಿ ಸುಮ್ಮನಾದ್ರು, ಇದನ್ನ ನೋಡಿದ್ರೆ ಕಿವಿಗಿಂತ ಕಣ್ಣೇ ಜಾಸ್ತಿ ಹಠಮಾರಿ ಅನ್ಸತ್ತೆ.

ಸರಿ, ಮೊದಲು ಹೇಳಿದ ಆ ನಾಲ್ಕು ದಿಕ್ಕಿಗೆ ವಾಪಸ್ ಬರೋಣ. ಡಾರ್ಕ್‌ರೇ ಬಗ್ಗೆ ನಂಗೆ ಅನುಮಾನ ಇದೆ. ಫಿನ್ಲೆಂಡಿನ ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್ ಕಂಪನಿ ಮೆಟಲ್ ಬೇಸಿಸ್ಟ್‌ಗಳಿಗೆ ಪೆಡಲ್ ಮಾಡಿ ಹೆಸರಾದವರು, ಅವರ ಸರ್ಕ್ಯೂಟ್ ಗಿಟಾರ್ ಒಳಗೆ ಹೋಗಿದೆ, ಕ್ಲೀನ್, ಡಿಸ್ಟಾರ್ಷನ್, ಫಝ್ ಮೂರೂ ಇದೆ. ಒಳ್ಳೇದೇ, ಆದ್ರೆ ಪೆಡಲ್ ಬೇಜಾರಾದ್ರೆ ಮಾರಿ ಬೇರೆ ತಗೋಬಹುದು, ಬೇಸ್ ಒಳಗೆ ಕೂತಿರೋದನ್ನ ಏನ್ ಮಾಡ್ತೀರ. ಈ ಸಂಗೀತಕ್ಕೆ ಬೇಕಾಗಿದ್ದು ತಂತಿಯ ಬಿಗಿತ, ಅದಕ್ಕೆ ಉತ್ತರ ಡಿಂಗ್‌ವಾಲ್ ಕೊಟ್ಟಾಗಿದೆ. ಓರೆ ಫ್ರೆಟ್ ಮಾಡೋಕೆ ಮ್ಯೂಸಿಕ್ ಮ್ಯಾನ್‌ಗೆ ಬರಲ್ಲ ಅಂತೇನಿಲ್ಲ, 2022ರಲ್ಲಿ ಗಿಟಾರಿಸ್ಟ್ ಟೋಸಿನ್ ಅಬಾಸಿ ಜೊತೆ ಕೈಝೆನ್ ಅನ್ನೋ ಮಲ್ಟಿಸ್ಕೇಲ್, ಅಂದ್ರೆ ಓರೆ ಫ್ರೆಟ್ಟಿನ ಗಿಟಾರ್ ಮಾಡಿದಾರೆ, ನೋಡೋಕೆ ಬೊಂಗೋಗಿಂತ ಹತ್ತು ಪಟ್ಟು ವಿಚಿತ್ರ, ಯಾರೂ ನಗಲಿಲ್ಲ.

ಜೋ ಡಾರ್ಟ್ ಬೇಸ್ ಮತ್ತು ಶಾರ್ಟ್ ಸ್ಕೇಲ್ ಎರಡೂ ನನ್ನ ವಾದಕ್ಕೆ ಸ್ವಲ್ಪ ತೊಡಕು. ವಲ್ಫ್‌ಪೆಕ್ ಬ್ಯಾಂಡಿನ ಜೋ ಡಾರ್ಟ್ ನುಡಿಸೋದು ಹೊಸ ಸಂಗೀತ ಅಲ್ಲ, ಎಪ್ಪತ್ತರ ಫಂಕ್‌ನ ಹೊಸ ತಲೆಮಾರು. ಅವರಿಗಾಗಿ ಮಾಡಿದ ಬೇಸ್‌ನಲ್ಲಿ ಪ್ರಿಆಂಪ್ ಇಲ್ಲ, ಈಕ್ಯೂ ಇಲ್ಲ. ಬೇಸ್ ಒಳಗೆ ಪ್ರಿಆಂಪ್ ಇಟ್ಟು ದೊಡ್ಡದಾದ ಕಂಪನಿನೇ ಅದನ್ನ ತೆಗೆದು ಮಾರಿತು ನೋಡಿ. 30 ಇಂಚಿನ ಸ್ಟಿಂಗ್‌ರೇನೂ ಪ್ಯಾಸಿವ್ವೇ, ಅಂದ್ರೆ ಬ್ಯಾಟರಿ ಪ್ರಿಆಂಪ್ ಇಲ್ಲ, ಅದೇ ತಂತಿ ಹಾಕಿದ್ರೆ 34 ಇಂಚಿಗಿಂತ ಬಿಗಿತ ಶೇಕಡ 22ರಷ್ಟು ಕಮ್ಮಿ, ಸ್ವರ ದುಂಡಗೆ ಮೆತ್ತಗೆ ಬರತ್ತೆ, ಎಡಗೈ ಅಷ್ಟು ಚಾಚಬೇಕಿಲ್ಲ. ಇಲ್ಲಿ ಬಾಗಿಲು ತಟ್ಟಿದ್ದು ಹೊಸ ಸಂಗೀತಕ್ಕಿಂತ ಹೆಚ್ಚಾಗಿ ಹೊಸ ಕೆಲಸದ ರೀತಿ ಅಂತ ನಂಗನ್ಸತ್ತೆ: ಮನೆ ರೂಮಲ್ಲಿ ಕೂತು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ ರೆಕಾರ್ಡ್ ಮಾಡೋರು, ಈಕ್ಯೂ ಎಲ್ಲಾ ಆಮೇಲೆ ಸಾಫ್ಟ್‌ವೇರ್‌ನಲ್ಲೇ ಮಾಡ್ಕೊಳ್ಳೋರು, ಗಿಟಾರ್‌ನಿಂದ ಬೇಸ್‌ಗೆ ಬಂದು ಅಷ್ಟುದ್ದದ ನೆಕ್ ಬೇಡ ಅನ್ನೋರು, ಭುಜ ನೋವು ಶುರುವಾದ ಐವತ್ತು ದಾಟಿದವರು. ಇವರು ಸ್ಟೇಜ್‌ನಲ್ಲಿ ಕಾಣಿಸಲ್ಲ, ದುಡ್ಡು ಕೊಡೋರು ಇವರೇ.

ನಾಲ್ಕರಲ್ಲಿ ಉಳಿಯೋದು ಯಾವುದು ಅಂತ ಕೇಳಿದ್ರೆ ನನ್ನ ಓಟು ಶಾರ್ಟ್ ಸ್ಕೇಲ್‌ಗೆ. ನಮ್ಮಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದನ್ನ ತರಿಸೋದು ಸುಂಕ ಎಲ್ಲಾ ಸೇರಿ ಹೆಚ್ಚಿನವರ ಕೈಗೆಟುಕಲ್ಲ. ಚರ್ಚಲ್ಲಿ, ಆರ್ಕೆಸ್ಟ್ರಾದಲ್ಲಿ, ಪಬ್‌ನಲ್ಲಿ ನುಡಿಸೋರಿಗೆ ಸಿಗೋದು ಏಷ್ಯಾದಲ್ಲಿ ತಯಾರಾಗೋ ಸ್ಟರ್ಲಿಂಗ್ ಬೈ ಮ್ಯೂಸಿಕ್ ಮ್ಯಾನ್ ಸರಣಿ, ಶಾರ್ಟ್ ಸ್ಕೇಲ್ ಅದರಲ್ಲೂ ಬಂದಾಗಿದೆ. ಬೊಂಗೋ ಥರ ದುಬಾರಿ ಮಾಡೆಲ್ ಆಗೇ ಉಳಿಯದೆ ಇಷ್ಟು ಬೇಗ ಕೆಳಗಿನ ಬೆಲೆಗೆ ಇಳಿದಿದೆ ಅಂದ್ರೆ ಕಂಪನಿಯ ಲೆಕ್ಕಾಚಾರವೂ ಅದೇ ಕಡೆ ಇದ್ದಂಗಿದೆ.